ಹೊಂಡದ ಹಾವಸೆ ಸ್ಪೈರೋಗೈರಾ ಹೌದೋ ಅಲ್ಲೋ?

ಪ್ರಶ್ನೆ: ನಮ್ಮದು ಸೇಡಂ ತಾಲ್ಲೂಕು. ಕೃಷಿ ಹೊಂಡದಾಗ ಎಳಿ ಎಳಿ ಹಸಿರು ಹಾವಸಿ ತುಂಬ್ಯಾದ. ಬಿ.ಎಸ್ಸಿ. ಓದೋ ಮಗಳು ಸ್ಪೈರೋಗೈರಾ ಅಂತಾಳ. ರೆಕಾರ್ಡ್‌ನ್ಯಾಗ ಪೂರಾ ಹೆಸರು ಬರೀಬೇಕಂತ. ಹ್ಯಾಂಗ ಗುರ್ತು ಹಿಡೀಬೇಕ್ರಿ?

ಉತ್ತರ: ಕುಲದ ಹೆಸರು ಇವತ್ತೇ ಸಿಗುತ್ತದೆ. ಪ್ರಭೇದದ ಹೆಸರಿಗೆ ಕಾಯಬೇಕಾಗಬಹುದು.

ಮೊದಲು ಮುಟ್ಟಿ ನೋಡಿ. ಸ್ಪೈರೋಗೈರಾ ಲೋಳೆ ಲೋಳೆ, ಬೆರಳಲ್ಲಿ ನಿಲ್ಲುವುದಿಲ್ಲ. ಒರಟಾಗಿ ಕವಲೊಡೆದಿದ್ದರೆ ಕ್ಲಾಡೋಫೋರಾ ಎಂಬ ಬೇರೆ ಹಾವಸೆ ಇದ್ದೀತು. ನಿಮ್ಮದು ಸುಣ್ಣಕಲ್ಲಿನ ನೆಲ. ಗಿಡದ ಹಾಗೆ ಗೆಣ್ಣುಗೆಣ್ಣಾಗಿ ಬೆಳೆದು, ಮೈಗೆ ಸುಣ್ಣ ಹತ್ತಿ ತರಿತರಿಯಾಗಿದ್ದರೆ ಅದು ಕಾರಾ.

ಬರೀ ಲೋಳೆ ನಂಬಿ ಕೂಡಬೇಡಿ, ಜಿಗ್ನೀಮಾ ಮತ್ತು ಮೌಜಿಯೋಷಿಯಾ ಎಂಬ ಹಾವಸೆಗಳೂ ಜಾರುತ್ತವೆ. ನಾಲ್ಕು ಎಳೆ ಸ್ಲೈಡಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ಕ್ಲೋರೋಪ್ಲಾಸ್ಟ್ (ಕೋಶದೊಳಗಿನ ಹಸಿರು ಭಾಗ) ನೋಡಿ. ಕೋಶದೊಳಗೆ ಎರಡು ನಕ್ಷತ್ರ ಕಂಡರೆ ಜಿಗ್ನೀಮಾ. ನಡುವೆ ಒಂದು ಚಪ್ಪಟೆ ಹಲಗೆ ಇದ್ದರೆ ಮೌಜಿಯೋಷಿಯಾ. ಗೋಡೆಯ ಒಳಮೈಗೆ ಹಸಿರು ರಿಬ್ಬನ್ ಸುರುಳಿ ಸುತ್ತಿದ್ದರೆ ಮಗಳು ಹೇಳಿದ್ದೇ ಖರೆ. ರಿಬ್ಬನ್ ಉದ್ದಕ್ಕೂ ಸಾಲಾಗಿ ಕಾಣುವ ಗುಂಡನೆಯ ಕಣಗಳು ಪೈರಿನಾಯ್ಡ್. ಒಂದು ಹನಿ ಅಯೋಡಿನ್ ಬಿಟ್ಟರೆ ಅವುಗಳ ಸುತ್ತಲಿನ ಪಿಷ್ಟ ಕಪ್ಪು-ನೀಲಿಗೆ ತಿರುಗುತ್ತದೆ.

ಸ್ಪೈರೋಗೈರಾದ ಪ್ರಭೇದಗಳು 400ಕ್ಕೂ ಹೆಚ್ಚು. ರಿಬ್ಬನ್ ಎಷ್ಟು, ಕೋಶ ಎಷ್ಟು ಅಗಲ, ಅಡ್ಡಗೋಡೆ ಸಪಾಟೋ ಮಡಿಕೆ ಬಿದ್ದಿದೆಯೋ ಮಗಳು ಬರೆದಿಟ್ಟುಕೊಳ್ಳಲಿ. ಆದರೆ ತೀರ್ಪು ಕೊಡುವುದು ಸಂಯುಗ್ಮನ, ಅಂದರೆ ಕೋಶಗಳ ಕೂಡಿಕೆ. ಎರಡು ಎಳೆ ಅಕ್ಕಪಕ್ಕ ಬಂದು ಏಣಿಯಂತೆ ಕೊಳವೆಗಳಿಂದ ಕೂಡಿ, ಒಂದರ ಒಡಲು ಇನ್ನೊಂದಕ್ಕೆ ಹರಿದು ಝೈಗೋಸ್ಪೋರ್ (ದಪ್ಪ ಕವಚದ ಬೀಜಕ) ಆಗುತ್ತದೆ. ಅದರ ಆಕಾರ, ಕವಚದ ಮೇಲಿನ ಗುಳಿ ಅಥವಾ ಜಾಲರಿ ನೋಡದೆ ಪ್ರಭೇದ ಹೇಳುವುದು ಕಣ್ಣು ಮುಚ್ಚಿ ಕಲ್ಲು ಹೊಡೆದಂತೆ. ಆದ್ದರಿಂದ ಕಡು ಹಸಿರು ಎಳೆ ಬಿಟ್ಟು, ಹಳದಿ-ಕಂದಾಗಿ ಸೊರಗಿದ್ದನ್ನೇ ಹುಡುಕಿ ತನ್ನಿ. ಚೆಲುವು ಇಲ್ಲದ ಆ ಕಸದಲ್ಲೇ ಝೈಗೋಸ್ಪೋರ್ ಸಿಗುವ ಸಾಧ್ಯತೆ ಹೆಚ್ಚು.

ವರ್ಗೀಕರಣದಲ್ಲಿ ಹಳೆಯ ಪಠ್ಯಗಳು ಸ್ಪೈರೋಗೈರಾವನ್ನು ಕ್ಲೋರೋಫೈಸಿಯೆ ಎಂಬ ವರ್ಗಕ್ಕೆ ಸೇರಿಸುತ್ತಿದ್ದವು, ಈಗ ಜಿಗ್ನೆಮಾಟೋಫೈಸಿಯೆ ಎನ್ನುತ್ತಾರೆ. ಈ ಗುಂಪಿನಲ್ಲಿ ಬಾಲ ಬಡಿದು ಈಜುವ ಕೋಶವೇ ಇಲ್ಲ. ಡಿಎನ್‌ಎ ಲೆಕ್ಕದಲ್ಲಿ ಇದು ಕ್ಲಾಡೋಫೋರಾಗಿಂತ ನಿಮ್ಮ ಹೊಲದ ತೊಗರಿಗೇ ಹತ್ತಿರದ ನಂಟು! ಪರೀಕ್ಷೆಗೆ ಮಾತ್ರ ಪಠ್ಯದಲ್ಲಿದ್ದದ್ದನ್ನೇ ಬರೆಯಲಿ.

ಝೈಗೋಸ್ಪೋರ್ ಸಿಗುವ ತನಕ ರೆಕಾರ್ಡಿನಲ್ಲಿ ‘ಸ್ಪೈರೋಗೈರಾ ಎಸ್‌ಪಿ.’ (ಪ್ರಭೇದ ಇನ್ನೂ ಗುರುತಿಸಿಲ್ಲ ಎಂಬರ್ಥ) ಎಂದರೆ ಸಾಕು. ಮಾದರಿ ತರುವಾಗ ಬಾಟ್ಲಿಯಲ್ಲಿ ಹೊಂಡದ ನೀರೇ ಹೆಚ್ಚಿರಲಿ, ಹಾವಸೆ ಚಿಟಿಕೆಯಷ್ಟು. ತುರುಕಿದರೆ ಬಿಸಿಲಿಗೆ ಕೊಳೆತು ನಾರುತ್ತದೆ.