ಬ್ರಿಟಾನಿಯಾ: ಕೈ ಬದಲಾದ ಒಂದು ರೇಸ್ ದೋಣಿ

ಬೆಂಗಳೂರಲ್ಲಿ ಹಳೇ ಸ್ಕೂಟರ್ ನೋಡಲು ಹೋದರೆ ನಾವು ಮೊದಲು ಕೇಳೋದು, “ಎಷ್ಟನೇ ಓನರ್?” ಆರ್‌ಸಿ ತೆಗೆದರೆ ಉತ್ತರ ಸಿಗುತ್ತದೆ. ಹಳೇ ರೇಸ್ ದೋಣಿಗೂ ಇದೇ ಪ್ರಶ್ನೆ ಕೇಳಬೇಕು. ಯಾಕೆಂದರೆ ಕೈ ಬದಲಾದ ಹಾಗೆ ದೋಣಿಯ ಕೆಲಸವೇ ಬದಲಾಗಿಬಿಡುತ್ತದೆ. ಬ್ರಿಟಾನಿಯಾ ಅಂದರೆ ನಮಗೆ ಬಿಸ್ಕತ್ತು ನೆನಪಾಗುತ್ತದೆ. ದೋಣಿ ರೇಸಿನ ಹುಚ್ಚಿರುವ ಸಿಡ್ನಿಯವರಿಗೆ ಅದು 1919ರ ಒಂದು ಮರದ ಹಾಯಿದೋಣಿ.

ಇದು ‘ಎಯ್ಟೀನ್ ಫೂಟರ್’ ಜಾತಿಯ ಸ್ಕಿಫ್, ಅಂದರೆ ರೇಸಿನ ಸಣ್ಣ ಹಾಯಿದೋಣಿ. ಉದ್ದ 18 ಅಡಿ. ಇನ್ನೋವಾ ಕಾರಿಗಿಂತ ಎರಡು-ಮೂರು ಅಡಿ ಜಾಸ್ತಿ, ಅಷ್ಟೇ. ಅಷ್ಟು ಜಾಗದಲ್ಲಿ ಹತ್ತು ಗಂಡಸರು! ಹಾಯಿ ವಿಪರೀತ ದೊಡ್ಡದು. ಗಾಳಿ ಜೋರಾದರೆ ಅವರೆಲ್ಲ ಒಂದೇ ಅಂಚಿನ ಮೇಲೆ ಒತ್ತಾಗಿ ಕೂತು, ಬೆನ್ನನ್ನು ನೀರಿನ ಮೇಲೆ ಚಾಚುತ್ತಿದ್ದರು. ದೋಣಿ ಮಗುಚದ ಹಾಗೆ ಹಿಡಿಯುತ್ತಿದ್ದದ್ದು ಆ ಮೈಭಾರವೇ. ಒಳಗೆ ನುಗ್ಗಿದ ನೀರನ್ನು ಮೊಗೆದು ಹೊರಗೆ ಸುರಿಯಲು ಒಬ್ಬ ಹುಡುಗ ಬೇರೆ. ಗಾಳಿ ಬಿದ್ದುಹೋದರೆ ಕೆಲವರು ಭಾರ ಇಳಿಸಲೆಂದು ರೇಸಿನ ನಡುವೆಯೇ ನೀರಿಗೆ ಹಾರುತ್ತಿದ್ದ ಕಾಲ ಅದು.

ಈ ರೇಸಿಗೆ ಜನರನ್ನು ಸೆಳೆದವನು ಮಾರ್ಕ್ ಫಾಯ್, ಸಿಡ್ನಿಯ ದೊಡ್ಡ ಅಂಗಡಿಯೊಂದರ ಮಾಲೀಕ. 1890ರ ದಶಕದಲ್ಲಿ ಆತ ಮಾಡಿದ ಏರ್ಪಾಟು ನನಗೆ ತುಂಬಾ ಇಷ್ಟ. ದಡದಲ್ಲಿ ನಿಂತವರಿಗೂ ಯಾವ ದೋಣಿ ಅಂತ ಗೊತ್ತಾಗಬೇಕು, ಅಲ್ವಾ? ಅದಕ್ಕೆ ಹಾಯಿಯ ಮೇಲೆ ನಂಬರ್ ಬದಲು ಬಣ್ಣದ ಗುರುತು. ನಿಧಾನದ ದೋಣಿ ಮೊದಲು ಹೊರಡಬೇಕು, ವೇಗದ್ದು ಆಮೇಲೆ. ಗುರಿ ಮೊದಲು ಮುಟ್ಟಿದವರೇ ಗೆದ್ದವರು. ಜನ ಫೆರ್ರಿ ಹತ್ತಿ ರೇಸಿನ ಹಿಂದೆಯೇ ಹೋಗುತ್ತಿದ್ದರು, ಬಾಜಿ ಕಟ್ಟುತ್ತಿದ್ದರು. ನಮ್ಮ ರೇಸ್ ಕೋರ್ಸ್ ನೋಡಿದವರಿಗೆ ಆ ಗದ್ದಲ ಊಹಿಸೋದು ಕಷ್ಟವಲ್ಲ.

ಬ್ರಿಟಾನಿಯಾದ ಮೊದಲ ಒಡೆಯ ಅದನ್ನು ಕಟ್ಟಿದವನೇ. ಬಾಲ್ಮೇನ್ ಬಡಾವಣೆಯ ಜಾರ್ಜ್ ರಾಬಿನ್ಸನ್. ಆತ ರಗ್ಬಿ ಲೀಗ್ ಆಟಗಾರ ಕೂಡ. ಆಳು ಗಿಡ್ಡ, ಹಾಗಾಗಿ ಎಲ್ಲರ ಬಾಯಲ್ಲೂ ‘ವೀ ಜಾರ್ಜಿ’, ಅಂದರೆ ಪುಟ್ಟ ಜಾರ್ಜಿ. ತನ್ನ ಕೈಯಿಂದ ಕಟ್ಟಿದ ದೋಣಿಯ ಚುಕ್ಕಾಣಿಯನ್ನು ತಾನೇ ಹಿಡಿದ. 1940ರ ದಶಕದವರೆಗೂ ಬ್ರಿಟಾನಿಯಾ ರೇಸಿನಲ್ಲಿತ್ತು. ಮರದ ದೋಣಿಗೆ ಅದು ಸಣ್ಣ ಆಯುಷ್ಯವಲ್ಲ.

ಅಷ್ಟರಲ್ಲಿ ಆಟವೇ ಬದಲಾಗುತ್ತಿತ್ತು. 1930ರ ದಶಕದಲ್ಲಿ ಬ್ರಿಸ್ಬೇನ್‌ನಿಂದ ‘ಅಬರ್‌ಡೇರ್’ ಎಂಬ ಕಿರಿದಾದ ದೋಣಿ ಬಂದು ಅಗಲದ ದೋಣಿಗಳನ್ನು ಹಿಂದೆ ಹಾಕಿತು. ಅಂಥದ್ದಕ್ಕೆ ಅವಕಾಶ ಕೊಡಬೇಕೋ ಬೇಡವೋ ಅಂತ ಸಿಡ್ನಿಯಲ್ಲಿ ಜಗಳವಾಗಿ, 1935ರಲ್ಲಿ ಬೇರೆಯೇ ಕ್ಲಬ್ ಹುಟ್ಟಿತು. ಆಮೇಲೆ ದೋಣಿಗಳು ಹಗುರವಾಗುತ್ತಾ ಹೋದವು, ಹತ್ತು ಜನರ ಜಾಗಕ್ಕೆ ಮೂವರು ಬಂದರು. ಒಲಿಂಪಿಕ್ಸ್‌ನಲ್ಲಿ 2000ದಿಂದ ಇರುವ ‘49ಇಆರ್’ ಸ್ಕಿಫ್ ಇದೇ ಬಳ್ಳಿಯ ಕುಡಿ. ಟೋಕಿಯೊದಲ್ಲಿ ನಮ್ಮ ಕೆ.ಸಿ. ಗಣಪತಿ, ವರುಣ್ ಠಕ್ಕರ್ ಓಡಿಸಿದ್ದು ಅದನ್ನೇ.

ಹಾಗಾದರೆ ಅಗಲದ ಹಳೇ ದೋಣಿಗಳ ಗತಿ? ಬ್ರಿಟಾನಿಯಾಕ್ಕೆ ಎಂಜಿನ್ ಕೂರಿಸಿದರು. ಒಂದು ಕಾಲಕ್ಕೆ ಗೆಲ್ಲಲು ಓಡಿದ ದೋಣಿ, ಬೇರೆಯವರ ರೇಸ್ ಶುರು ಮಾಡಿಸುವ ಲಾಂಚ್, ಅಂದರೆ ಮೋಟಾರು ದೋಣಿ ಆಯಿತು. ಇದನ್ನು ಓದಿದಾಗ ನನಗೆ ಸಂಕಟವಾಗಿತ್ತು. ಆದರೆ ಈಗ ಅನಿಸುತ್ತದೆ, ಅದನ್ನು ಉಳಿಸಿದ್ದೇ ಆ ಎಂಜಿನ್. ಕೆಲಸವಿಲ್ಲದ ಮರದ ದೋಣಿ ದಡದಲ್ಲಿ ಒಣಗಿ ಬಿರುಕು ಬಿಡುತ್ತದೆ, ಕೊನೆಗೆ ಸೌದೆಯಾಗುತ್ತದೆ.

ಕೊನೆಯ ಒಡೆಯ ಡಾರ್ಲಿಂಗ್ ಹಾರ್ಬರ್‌ನ ರಾಷ್ಟ್ರೀಯ ಸಾಗರ ಮ್ಯೂಸಿಯಂ. ಈಗ ಅದು ಯಾರೊಬ್ಬರದ್ದೂ ಅಲ್ಲ, ಇಡೀ ದೇಶದ್ದು. ನೂರು ದಾಟಿದ ಆ ಹಲಗೆಗಳ ಮೇಲೆ ಅಷ್ಟು ದೊಡ್ಡ ಹಾಯಿಯ ಎಳೆತ ಹೇರುವುದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ. ಹಾಗಂತ ಓಡಿಸುವ ವಿದ್ಯೆ ಮರೆಯಬಾರದಲ್ಲ. ಅದಕ್ಕೇ ಸಿಡ್ನಿಯ ದೋಣಿ ಬಡಗಿಯೊಬ್ಬರು ಅದೇ ಅಳತೆಗೆ ಇನ್ನೊಂದು ಬ್ರಿಟಾನಿಯಾ ಕಟ್ಟಿದರು. ಅಬರ್‌ಡೇರ್‌ಗೂ ಒಂದು ಪ್ರತಿ ಹುಟ್ಟಿತು. ಬೇಸಿಗೆಯ ಶನಿವಾರಗಳಲ್ಲಿ ಈ ದೋಣಿಗಳು ಬಣ್ಣದ ಗುರುತಿನ ಹಾಯಿ ಏರಿಸಿಕೊಂಡು ಸಿಡ್ನಿ ಬಂದರಿನಲ್ಲಿ ಓಡುತ್ತವೆ. ಒಳಗೆ ನುಗ್ಗಿದ ನೀರು ಮೊಗೆಯಲು ಈಗಲೂ ಒಬ್ಬರು ಬೇಕು.