ಸಿಲ್ವರ್ ಮರದ ತವರಿಗೆ ಹೋಗಿ ಬರುವವರಿಗೆ

ಕೊಡಗಿನ ತೋಟಗಳಲ್ಲಿ ಮೆಣಸಿನ ಬಳ್ಳಿ ಹೊತ್ತು ನಿಂತಿರುವ ಸಿಲ್ವರ್ ಮರದ ತವರು ಆಸ್ಟ್ರೇಲಿಯಾದ ಪೂರ್ವ ಕರಾವಳಿ. ಪೂರ್ತಿ ಹೆಸರು ಸಿಲ್ವರ್ ಓಕ್, ಆದರೆ ಓಕ್ ಮರಗಳಿಗೂ ಇದಕ್ಕೂ ನಂಟಿಲ್ಲ. ಮಕ್ಕಳ ಮನೆಗೆಂದು ಬ್ರಿಸ್ಬೇನ್‌ಗೆ ಹೋಗುವವರು ಅಕ್ಟೋಬರ್ ಹೊತ್ತಿಗೆ ಹೋದರೆ ಬೀದಿ ಬದಿಯಲ್ಲೇ ಅದು ಹೊಂಬಣ್ಣದ ಹೂ ಬಿಟ್ಟಿರುವುದು ಕಾಣುತ್ತದೆ. ಬ್ರಷ್ಷಿನ ಹಲ್ಲುಗಳಂತೆ ಒಂದೇ ಬದಿಗೆ ಜೋಡಿಸಿದ ಹೂಗಳು, ಅವುಗಳ ಮಕರಂದಕ್ಕೆ ಕಿತ್ತಾಡುವ ಬಣ್ಣಬಣ್ಣದ ಲೋರಿಕೀಟ್ ಗಿಳಿಗಳು. ನೆರಳು ಹದ ಮಾಡಲೆಂದು ಕೊಂಬೆ ಕಡಿಸಿಕೊಳ್ಳುತ್ತಲೇ ಬೆಳೆಯುವ ನಮ್ಮ ಮರಗಳಿಗೆ ಈ ವೈಭವ ಎಲ್ಲಿಂದ ಬರಬೇಕು!

ಅದೇ ಬೀದಿಯಲ್ಲಿ ನಮ್ಮ ಗೊರವಂಕವೂ ಸಿಗುತ್ತದೆ. ಕೀಟ ತಿನ್ನಲಿ ಎಂದು 1860ರ ದಶಕದಲ್ಲಿ ಮೆಲ್ಬರ್ನ್‌ಗೆ ತಂದುಬಿಟ್ಟ ಹಕ್ಕಿ ಈಗ ಅಲ್ಲಿನ ಗಿಳಿಗಳ ಪೊಟರೆ ಕಸಿಯುವ ಪುಂಡ. ಇದನ್ನೇ ಹೋಲುವ, ಹಳದಿ ಕೊಕ್ಕಿನ 'ನಾಯ್ಸಿ ಮೈನರ್' ಮಾತ್ರ ಅಪ್ಪಟ ಅಲ್ಲಿನದು. ಗುರುತು ಹಿಡಿಯಲು ಮೈಬಣ್ಣ ನೋಡಿ: ಬೂದಿಯಾದರೆ ಅಲ್ಲಿಯದು, ಕಂದಾಗಿದ್ದು ಹಾರುವಾಗ ರೆಕ್ಕೆಯಲ್ಲಿ ಬಿಳಿ ಪಟ್ಟೆ ಮಿಂಚಿದರೆ ನಮ್ಮದು.

ಹೀಗೆ ಹೊರಗಿನಿಂದ ಬಂದದ್ದು ಪುಂಡಾಟಕ್ಕಿಳಿಯುವುದು ನಮ್ಮಲ್ಲೂ ಉಂಟು, ಹಾಗಾಗಿ ಆಫ್ರಿಕಾದ ಕಾಫಿ ತೋಟಗಳಿಗೆ ಹೋಗುವವರು ಕೀಟ, ರೋಗ ಹೊತ್ತು ತರದಂತೆ ಎಚ್ಚರವಾಗಿರಬೇಕು. ಇಥಿಯೋಪಿಯಾದ ನೈರುತ್ಯದ ಕಾಡುಗಳಲ್ಲಿ ಅರೇಬಿಕಾ ಕಾಫಿ ದೊಡ್ಡ ಮರಗಳ ಕೆಳಗೆ ತಾನಾಗಿಯೇ ಬೆಳೆಯುತ್ತದೆ. ಕಾಫಿಯ ಶತ್ರುಗಳಲ್ಲಿ ಹಲವು ಹುಟ್ಟಿದ್ದೂ ಅದೇ ಖಂಡದಲ್ಲಿ. ಕಾಫಿ ಕಾಯಿಯೊಳಗೆ ಕೊರೆದು ಸೇರುವ ಕಾಯಿಕೊರಕ ಕೀಟ ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಅಲ್ಲಿಂದ ಕೊಡಗು ದೂರವೇ? ಹೆಣ್ಣು ಕೀಟದ ಉದ್ದ ಎರಡು ಮಿಲಿಮೀಟರಿಗಿಂತ ಕಡಿಮೆ, ಜೇಬಿನಲ್ಲಿ ಉಳಿದ ಒಂದು ಒಣಕಾಯಿ ಸಾಕು ಅದರ ಪ್ರಯಾಣಕ್ಕೆ. ಶನಿವಾರಸಂತೆ ಕಡೆಯ ತೋಟಗಳನ್ನು ಕಾಡಿದ ದೈತ್ಯ ಬಸವನಹುಳುವೂ ಮೂಲತಃ ಪೂರ್ವ ಆಫ್ರಿಕಾದ್ದು.

ಇಲ್ಲಿಗಿನ್ನೂ ಬಾರದ ಶತ್ರು ಕಾಫಿ ಕಾಯಿ ರೋಗ. 1922ರಲ್ಲಿ ಕೀನ್ಯಾದಲ್ಲಿ ಪತ್ತೆಯಾದ ಈ ಶಿಲೀಂಧ್ರ ಅರೇಬಿಕಾದ ಹಸಿರು ಕಾಯಿಯ ಮೇಲೆ ಒಳಕ್ಕೆ ಕುಸಿದ ಕಪ್ಪು ಕಲೆ ಎಬ್ಬಿಸುತ್ತದೆ. ಕಾಫಿಯ ಇನ್ನೊಂದು ರೋಗವಾದ ಎಲೆತುಕ್ಕಿನ ಪುಡಿ ಗಾಳಿಯಲ್ಲಿ ಹಾರುತ್ತದೆ, ಬಟ್ಟೆಗೂ ಮೆತ್ತಿಕೊಳ್ಳುತ್ತದೆ. ಕಾಯಿ ರೋಗದ ಬೀಜಕಣಗಳಾದರೋ ಅಂಟಂಟು. ಮಳೆಹನಿ ಸಿಡಿದು ಹರಡುತ್ತವೆ, ಒದ್ದೆ ಗಿಡ ಮುಟ್ಟಿದ ಕೈಗೂ ಹತ್ತುತ್ತವೆ. ಮಳೆ ಬಿದ್ದ ತಕ್ಷಣ ಅಲ್ಲಿನ ತೋಟಕ್ಕಿಳಿಯದಿರುವುದೇ ಜಾಣತನ.

ಅಲ್ಲಿಂದ ಊರಿಗೆ ಹೊರಡುವ ಮುನ್ನ ಬೂಟಿನ ಅಡಿಯನ್ನು ಒಣ ಬ್ರಷ್ಷಿನಿಂದ ಉಜ್ಜಿ, ಗೀರುಗಳಿಗೆ ಹಳೆಯ ಟೂತ್‌ಬ್ರಷ್ ಬಳಸಿ. ಆಮೇಲೆ ಸೋಪುನೀರು, ಕೊನೆಗೆ 70 ಶೇಕಡಾ ಆಲ್ಕೋಹಾಲ್. ಈ ಕ್ರಮ ತಪ್ಪಬಾರದು. ಮಣ್ಣು ಉಳಿದರೆ ಆಲ್ಕೋಹಾಲ್ ಅದರಡಿಗೆ ಇಳಿಯುವುದೇ ಇಲ್ಲ. ಜನ ಮರೆಯುವುದು ಪ್ಯಾಂಟಿನ ಮಡಿಕೆ, ಕಾಲುಚೀಲ, ಚೀಲದ ವೆಲ್ಕ್ರೋ. ಅಲ್ಲಿ ಸಿಕ್ಕಿಕೊಂಡ ಹುಲ್ಲುಬೀಜವನ್ನು ಅಂಟುಪಟ್ಟಿಯಿಂದ ಎಳೆಯಿರಿ. ತೋಟದಲ್ಲಿ ತೊಟ್ಟ ಬಟ್ಟೆಯನ್ನು ಅಲ್ಲೇ ಬಿಸಿನೀರಲ್ಲಿ ಒಗೆಯಿರಿ, ಊರಿಗೆ ಬಂದ ಮೇಲಲ್ಲ.

ಗಿಡ ಇಷ್ಟವಾದರೆ ಎಲೆಯ ಎರಡೂ ಬದಿ, ಕಾಂಡ, ಹೂವಿನ ಫೋಟೋ ತೆಗೆಯಿರಿ, ಅಳತೆಗೆ ಪಕ್ಕದಲ್ಲಿ ನಾಣ್ಯ ಇಡಿ. ಬಿತ್ತನೆ ಬೀಜ, ಗಿಡ ತರಲು ಆಮದು ಪರವಾನಗಿಯೂ ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು, 'ನಾಲ್ಕೇ ಬೀಜ' ಎಂಬ ರಿಯಾಯಿತಿ ಇಲ್ಲ. ಹುರಿಯುವ ಬಿಸಿಗೆ ಶಿಲೀಂಧ್ರವೂ ಕೊರಕವೂ ಉಳಿಯವು. ನೆಂಟರಿಗೆ ಹಂಚಲು ಹುರಿದ ಕಾಫಿಯನ್ನೇ ತನ್ನಿ.