ಹೆಸರು ಅಳಿಸಿದರೆ ಸಾಕಾ?

"ಸರ್, ಇನ್‌ಸ್ಟಾಗ್ರಾಂನಲ್ಲಿ ಏನು ಹಾಕಲಿ?" ಅಂತ ಕಿರಿಯ ವಕೀಲರು ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಮನೆಯಲ್ಲಿ ಯಾರೂ ವಕೀಲರಿಲ್ಲದ ಹುಡುಗ ಹುಡುಗಿಯರನ್ನು ಕಕ್ಷಿದಾರರು ಹುಡುಕಿಕೊಂಡು ಬರುವುದಾದರೂ ಹೇಗೆ? ಆದರೆ ಮರುವಾರ ಸ್ಟೇಟಸ್‌ನಲ್ಲಿ ಜಾಮೀನು ಆದೇಶದ ಫೋಟೋ ಕಂಡಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ವಕೀಲರು ಜಾಹೀರಾತು ಮಾಡಿಕೊಳ್ಳಬಾರದು ಎನ್ನುವ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 36ನೇ ನಿಯಮ ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತು. 2008ರ ತಿದ್ದುಪಡಿ ಆದಮೇಲೆ ವೆಬ್‌ಸೈಟ್‌ನಲ್ಲಿ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ಓದು, ಯಾವ ಬಗೆಯ ಕೇಸು ನಡೆಸುತ್ತೀರಿ ಎನ್ನುವುದನ್ನು ಹಾಕಬಹುದು. ಗೆದ್ದ ಕೇಸುಗಳಿಗೆ ಅಲ್ಲಿ ಜಾಗವಿಲ್ಲ.

"ಕಕ್ಷಿದಾರರ ಹೆಸರು ಅಳಿಸಿದ್ದೀನಿ ಸರ್" ಅನ್ನುತ್ತಾರೆ. ನಮ್ಮ ಆಫೀಸಿನಲ್ಲೇ ಆದದ್ದು ಹೇಳುತ್ತೇನೆ. ಚೆಕ್ ಬೌನ್ಸ್ ಕೇಸಿನಲ್ಲಿ ಕಿರಾಣಿ ಅಂಗಡಿಯವರೊಬ್ಬರು ಖುಲಾಸೆಯಾದರು. ನನ್ನ ಜೂನಿಯರ್ ತೀರ್ಪಿನ ಮೊದಲ ಪುಟದ ಫೋಟೋ ಹಾಕಿದ. ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದಿದ್ದ. ಮೇಲ್ಗಡೆ ಕೋರ್ಟಿನ ಹೆಸರು, ಕೇಸಿನ ಸಿ.ಸಿ. ನಂಬರು ಹಾಗೇ ಉಳಿದಿದ್ದವು. ಕೋರ್ಟುಗಳ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಆ ಕೋರ್ಟು ಆರಿಸಿ ನಂಬರು, ವರ್ಷ ಹಾಕಿದರೆ ಎರಡೂ ಕಡೆಯವರ ಹೆಸರು ಬರುತ್ತದೆ. ಅಂಗಡಿಯವರ ಮಗಳ ಮದುವೆ ಮಾತುಕತೆ ನಡೆದಿತ್ತು. ಗಂಡಿನ ಕಡೆಯವರೊಬ್ಬರು ಹುಡುಕಿ ನೋಡಿದರು.

ಅಂಗಡಿಯವರು ಬಂದು ಫೋನನ್ನು ನನ್ನ ಟೇಬಲ್ ಮೇಲಿಟ್ಟರು. "ನಾನು ಗೆದ್ದೆ ಅಲ್ವಾ ಸರ್? ಮತ್ಯಾಕೆ ಊರಿಗೆಲ್ಲ ಹೇಳಿದ್ರಿ?"

ಕೋರ್ಟ್ ದಾಖಲೆ ಹೇಗೂ ಎಲ್ಲರಿಗೂ ಸಿಗುತ್ತದಲ್ಲ ಎಂದು ವಾದಿಸಬಹುದು. ಸಿಗುತ್ತದೆ. ಆದರೆ ಬೇಕಾದವರು ಹುಡುಕಿ ತೆಗೆಯುವುದು ಬೇರೆ, ನಂಬಿದ ವಕೀಲನೇ ಬೆರಳು ಮಾಡಿ ತೋರಿಸುವುದು ಬೇರೆ. ಒಪ್ಪಿಗೆ ತಗೊಂಡಿದ್ದೆ ಅನ್ನುವವರೂ ಇದ್ದಾರೆ. ಮುಂದಿನ ವಾಯಿದೆಗೆ ತಮ್ಮ ಪರ ನೀವೇ ನಿಲ್ಲಬೇಕು ಅಂದಾಗ ಪಾಪ ಕಕ್ಷಿದಾರರು ಬೇಡ ಅಂತ ಹೇಗೆ ಹೇಳುತ್ತಾರೆ?

ಬರೆಯಲು ಬೇರೆ ಬೇಕಾದಷ್ಟಿದೆ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಜಮೀನು ನಮ್ಮದಾಗುವುದಿಲ್ಲ ಅಂತ ಎಷ್ಟು ಜನರಿಗೆ ಗೊತ್ತು? ಚೆಕ್ ವಾಪಸಾದ ವಿಷಯ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್ ಕೊಡಬೇಕು. 40ನೇ ದಿನ ಬರುವವರನ್ನು ನೋಡಿ ಹೊಟ್ಟೆ ಉರಿಯುತ್ತದೆ. ಇಂಥದ್ದನ್ನು ನಿಮ್ಮ ಊರಿನ ಕನ್ನಡದಲ್ಲಿ ತಿಳಿಯಾಗಿ ಬರೆಯಿರಿ. ಕೊನೆಗೆ "ಕೇಸಿಗಾಗಿ ಸಂಪರ್ಕಿಸಿ" ಅಂತ ಸೇರಿಸಿದರೆ ಮಾತ್ರ ಅದು ಜಾಹೀರಾತು ಅನ್ನಿಸಿಕೊಳ್ಳಬಹುದು. ಅನುಮಾನವಿದ್ದರೆ ರಾಜ್ಯ ವಕೀಲರ ಪರಿಷತ್ತನ್ನು ಕೇಳಿ, ನನ್ನ ಮಾತೇ ಕೊನೆಯಲ್ಲ.

ನನ್ನ ಜೂನಿಯರ್ ಅವತ್ತೇ ಪೋಸ್ಟ್ ತೆಗೆದ, ಅಂಗಡಿಗೆ ಹೋಗಿ ಕ್ಷಮೆ ಕೇಳಿದ. ಒಳ್ಳೆ ಹುಡುಗ. ಮೊನ್ನೆ ಪಹಣಿ ಬಗ್ಗೆ ಬರೆದದ್ದನ್ನು ಹಾಕುವ ಮೊದಲು ನನಗೆ ತೋರಿಸಿದ. ಚೆನ್ನಾಗಿ ಬರೆದಿದ್ದ. ಉದಾಹರಣೆಗೆ ಕೊಟ್ಟಿದ್ದ ಸರ್ವೆ ನಂಬರು ಮಾತ್ರ ನಮ್ಮ ಕಕ್ಷಿದಾರರೊಬ್ಬರದೇ ಆಗಿತ್ತು. ತೆಗೆಸಿದೆ.